ನಾರಿನ ಹೆಸರು ಹೊತ್ತ ಮರ

ಮರಗೆತ್ತನೆ ಕಲಿಯೋಣವೆಂದು ಆನ್‌ಲೈನ್‌ನಲ್ಲಿ ಚಾಕು ಹುಡುಕಿದರೆ ಅದರ ಪಕ್ಕದಲ್ಲೇ ಇನ್ನೊಂದು ಸರಕು ಕಣ್ಣಿಗೆ ಬೀಳುತ್ತದೆ. ಸಾಬೂನಿನ ಬಿಲ್ಲೆಯಷ್ಟೋ ಇಟ್ಟಿಗೆಯಷ್ಟೋ ಇರುವ, ಕೆನೆಬಣ್ಣದ ಮರದ ತುಂಡುಗಳು. ಮೇಲೆ ‘ಬ್ಯಾಸ್‌ವುಡ್’ ಎಂದು ಬರೆದಿರುತ್ತದೆ. ಆರ್ಕಿಟೆಕ್ಚರ್ ಓದುವ ಮಕ್ಕಳು ಮಾದರಿ ಕಟ್ಟಡಕ್ಕೆ ಬಳಸುವ ತೆಳು ಹಲಗೆಗೂ ಕಿಟಕಿಗೆ ಇಳಿಬಿಡುವ ಮರದ ಪಟ್ಟಿಗಳ ಬ್ಲೈಂಡ್ಸ್‌ಗೂ ಎಲೆಕ್ಟ್ರಿಕ್ ಗಿಟಾರಿನ ಒಡಲಿಗೂ ಇದೇ ಹೆಸರು. ಗಿಟಾರಿನ ವಿವರದಲ್ಲಿ ಓದಿದವರಿಗೆ ಇದು ಸಂಗೀತದ ‘ಬೇಸ್’ ಇರಬೇಕು ಅನ್ನಿಸೀತು. ಅದಲ್ಲ. ‘ಬ್ಯಾಸ್ಟ್’ ಎಂಬ ಹಳೆಯ ಇಂಗ್ಲಿಷ್ ಪದ ಸವೆದು ‘ಬ್ಯಾಸ್’ ಆಗಿದೆ. ಬ್ಯಾಸ್ಟ್ ಎಂದರೆ ತೊಗಟೆಯ ಒಳಪದರದ ನಾರು. ಇಂದು ಜಗತ್ತು ಇದನ್ನು ಕೊಳ್ಳುವುದು ದಿಮ್ಮಿಗಾಗಿ, ಆದರೆ ಹೆಸರು ಅಂಟಿದ್ದು ನಾರಿನಿಂದ.

ಮರದ ಶಾಸ್ತ್ರೀಯ ಹೆಸರು ಟೀಲಿಯಾ ಅಮೆರಿಕಾನಾ. ಕೆನಡಾದ ಪೂರ್ವಭಾಗ ಮತ್ತು ಮ್ಯಾನಿಟೋಬಾದ ದಕ್ಷಿಣದಿಂದ ಹಿಡಿದು ಅಮೆರಿಕದ ಮಹಾಸರೋವರಗಳ ಸುತ್ತ, ವಿಸ್ಕಾನ್ಸಿನ್, ಮಿನೆಸೋಟಾ ಕಾಡುಗಳಲ್ಲಿ ಸಕ್ಕರೆ ಮೇಪಲ್ ಮರಗಳ ಜೊತೆ ಬೆಳೆಯುತ್ತದೆ. ಎತ್ತರ 60ರಿಂದ 120 ಅಡಿ. ಯೂರೋಪಿನಲ್ಲಿರುವ ಇದರ ದಾಯಾದಿಗಳಿಗೆ ಜರ್ಮನ್ನರು ಲಿಂಡೆನ್ ಎನ್ನುತ್ತಾರೆ, ಬ್ರಿಟಿಷರು ಲೈಮ್ ಎನ್ನುತ್ತಾರೆ. ಈ ಲೈಮ್‌ಗೂ ನಿಂಬೆಗೂ ಯಾವ ನೆಂಟಸ್ತಿಕೆಯೂ ಇಲ್ಲ. ‘ಲಿಂಡ್’ ಎಂಬುದು ಬಾಯಿಂದ ಬಾಯಿಗೆ ಬದಲಾಗುತ್ತ ‘ಲೈಮ್’ ಆಗಿದೆ, ಅಷ್ಟೆ. ಇಂಗ್ಲಿಷ್ ಕಾದಂಬರಿಯೊಂದರಲ್ಲಿ ದಾರಿಯ ಎರಡೂ ಕಡೆ ಲೈಮ್ ಮರಗಳ ಸಾಲು ಬಂದರೆ ಅನುವಾದಕರು ಅಲ್ಲಿ ನಿಂಬೆಗಿಡ ನೆಡದಿರುವುದು ಒಳ್ಳೆಯದು. ಸಸ್ಯಗಳಿಗೆ ಹೆಸರಿಡುವ ಪದ್ಧತಿಯನ್ನೇ ಕಟ್ಟಿಕೊಟ್ಟ ಕಾರ್ಲ್ ಲಿನೇಯಸ್‌ನ ಮನೆತನದ ಹೆಸರು ಬಂದದ್ದೂ ಈ ಜಾತಿಯ ಮರದಿಂದ. ಸ್ವೀಡನ್ನಿನ ಸ್ಮೋಲಂಡ್‌ನಲ್ಲಿ ಅವರ ಕುಟುಂಬದ ಜಮೀನಿನಲ್ಲಿ ದೊಡ್ಡದೊಂದು ಲಿಂಡ್ ಮರವಿತ್ತು. ಅವನ ತಂದೆ ಆ ಮರದ ಹೆಸರನ್ನೇ ಮನೆಹೆಸರಾಗಿ ಇಟ್ಟುಕೊಂಡ.

ನಮ್ಮ ಕಾಡಿನ ಮರ ಇದಲ್ಲ. ಆದರೂ ನಾವು ತೀರಾ ಹೊರಗಿನವರಲ್ಲ. ಮೊದಲು ಟೀಲಿಯಾಕ್ಕೆ ಅದರದೇ ಹೆಸರಿನ ಕುಟುಂಬವಿತ್ತು, ಸೆಣಬೂ ಅದರಲ್ಲೇ ಸೇರಿತ್ತು. ವಂಶವಾಹಿ ಅಧ್ಯಯನಗಳು ಬಂದಮೇಲೆ ಆ ಕುಟುಂಬವನ್ನು ದಾಸವಾಳದ ಕುಟುಂಬದೊಳಗೆ ಸೇರಿಸಿದರು. ಹೀಗಾಗಿ ಹತ್ತಿ, ಬೆಂಡೆ, ಪುಂಡಿ, ದಾಸವಾಳ, ಬೂರುಗ ಎಲ್ಲವೂ ಈಗ ಇದರ ಬಂಧುಗಳು. ನಮ್ಮ ಎಲೆಯುದುರುವ ಕಾಡುಗಳಲ್ಲಿರುವ ತಡಸಲು ಮರವನ್ನು ಸಸ್ಯಶಾಸ್ತ್ರಜ್ಞರು ಗ್ರೀವಿಯಾ ಟಿಲಿಫೋಲಿಯಾ ಎಂದು ಕರೆದಿದ್ದಾರೆ. ‘ಟಿಲಿಫೋಲಿಯಾ’ ಎಂದರೆ ಟೀಲಿಯಾದಂಥ ಎಲೆಯುಳ್ಳದ್ದು. ಬ್ಯಾಸ್‌ವುಡ್ ಕಾಣದವರು ತಡಸಲಿನ ಎಲೆಯನ್ನೊಮ್ಮೆ ತಿರುಗಿಸಿ ನೋಡಿದರೆ ಸಾಕು: ತೊಟ್ಟಿನ ಬಳಿ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇಳಿದ, ಅಂಚಿಗೆ ಹಲ್ಲುಗಳಿರುವ ಎಲೆ. ಬ್ಯಾಸ್‌ವುಡ್‌ನ ಎಲೆಯೂ ಹೀಗೇ ಓರೆ ಬುಡದ್ದು, ಆದರೆ ಇನ್ನಷ್ಟು ಸ್ಪಷ್ಟವಾದ ಹೃದಯದಾಕಾರ, ನಾಲ್ಕರಿಂದ ಆರು ಅಂಗುಲ ಉದ್ದ.

ಈ ಬಳಗಕ್ಕೆ ಎರಡು ಗುಣ ಪಾರಂಪರ್ಯವಾಗಿ ಬಂದಿವೆ: ಲೋಳೆ ಮತ್ತು ನಾರು. ದಾಸವಾಳದ ಎಲೆ ಅರೆದು ತಲೆಗೆ ಹಚ್ಚುವವರಿಗೂ ಬೆಂಡೆಕಾಯಿ ಹೆಚ್ಚುವವರಿಗೂ ಮೊದಲನೆಯದು ಗೊತ್ತು. ಉತ್ತರ ಕರ್ನಾಟಕದಲ್ಲಿ ಪುಂಡಿಯ ಕಟ್ಟುಗಳನ್ನು ನೀರಲ್ಲಿ ಕೊಳೆಹಾಕಿ ನಾರು ಬಿಡಿಸಿ ಹಗ್ಗ ಹೊಸೆಯುವುದನ್ನು ಕಂಡವರಿಗೆ ಎರಡನೆಯದು ಗೊತ್ತು. ಅಮೆರಿಕದ ಮಹಾಸರೋವರಗಳ ಸುತ್ತಲಿನ ಮೂಲನಿವಾಸಿಗಳಾದ ಓಜಿಬ್ವೆ ಜನ ಮಾಡುತ್ತಿದ್ದದ್ದೂ ಅದನ್ನೇ, ಗಿಡದ ಬದಲು ಮರದಿಂದ. ಅವರ ಭಾಷೆಯಲ್ಲಿ ಈ ಒಳತೊಗಟೆಯ ನಾರಿಗೆ ‘ವೀಗೋಬ್’ ಎಂಬ ಹೆಸರಿದೆ. ಬೇಸಿಗೆಯ ಆರಂಭದಲ್ಲಿ ಮರದಲ್ಲಿ ರಸ ಏರುವಾಗ ತೊಗಟೆ ಮರಕ್ಕೆ ಬಿಗಿಯಾಗಿ ಅಂಟಿರುವುದಿಲ್ಲ. ಆಗ ಬುಡದಲ್ಲಿ ಕಚ್ಚು ಹಾಕಿ ಎಳೆದರೆ ಉದ್ದುದ್ದ ಪಟ್ಟಿಗಳಾಗಿ ಸುಲಿದು ಬರುತ್ತದೆ. ಅದನ್ನು ಕೆರೆಯಲ್ಲೋ ತೊರೆಯಲ್ಲೋ ವಾರಗಟ್ಟಲೆ ಮುಳುಗಿಸಿಡುತ್ತಾರೆ. ಟೀಲಿಯಾದ ಒಳತೊಗಟೆಯಲ್ಲಿ ಗಟ್ಟಿ ನಾರಿನ ಪದರ, ಮೆದು ಅಂಗಾಂಶದ ಪದರ, ಮತ್ತೆ ನಾರಿನ ಪದರ ಹೀಗೆ ಒಂದರ ಮೇಲೊಂದು ಕೂತಿರುತ್ತವೆ. ನೀರಿನ ಸೂಕ್ಷ್ಮಜೀವಿಗಳು ನಡುವಿನ ಮೆದು ಪದರವನ್ನೂ ಅಂಟನ್ನೂ ತಿಂದು ಮುಗಿಸಿದಾಗ ನಾರಿನ ಹಾಳೆಗಳು ಪುಸ್ತಕದ ಪುಟಗಳ ಹಾಗೆ ಬಿಡಿಸಿಕೊಳ್ಳುತ್ತವೆ. ಒದ್ದೆಯಿದ್ದಾಗಲೇ ಸೀಳಿ, ತೊಡೆಯ ಮೇಲೆ ಹೊಸೆದರೆ ಹುರಿ. ಮನೆಯ ಗಳುಗಳನ್ನು ಬಿಗಿಯಲು, ಜೊಂಡಿನ ಚಾಪೆ ಹೊಲಿಯಲು, ಚೀಲ ನೇಯಲು ಇದೇ ದಾರ.

ಯೂರೋಪಿನಲ್ಲೂ ಈ ವಿದ್ಯೆ ಬಹಳ ಹಳೆಯದು. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕಿದ, 5,000 ವರ್ಷಕ್ಕೂ ಹಿಂದಿನ ಮನುಷ್ಯನನ್ನು ಈಗ ಓಟ್ಜಿ ಎಂದು ಕರೆಯುತ್ತಾರೆ. ಅವನ ಪುಟ್ಟ ಕಲ್ಲುಬಾಯಿಯ ಕಠಾರಿಯ ಒರೆ ಹೆಣೆದದ್ದು ಲಿಂಡೆನ್ ನಾರಿನಲ್ಲಿ. ರಷ್ಯಾದ ರೈತರು ಇಪ್ಪತ್ತನೆಯ ಶತಮಾನದವರೆಗೂ ಇದೇ ತೊಗಟೆಯ ಪಟ್ಟಿಗಳಿಂದ ‘ಲಾಪ್ತಿ’ ಎಂಬ ಚಪ್ಪಲಿ ಹೆಣೆದು ಹಾಕಿಕೊಳ್ಳುತ್ತಿದ್ದರು.

ಇನ್ನು ದಿಮ್ಮಿಯ ಮಾತು. ಮರದ ವ್ಯಾಪಾರದ ಭಾಷೆಯಲ್ಲಿ ಬ್ಯಾಸ್‌ವುಡ್ ‘ಹಾರ್ಡ್‌ವುಡ್’. ಉಗುರಿನಿಂದ ಒತ್ತಿದರೆ ಗುರುತು ಬೀಳುವ ಮರಕ್ಕೆ ಗಟ್ಟಿಮರ ಎಂಬ ಹೆಸರು ಬಂದದ್ದಕ್ಕೆ ಕಾರಣವಿದೆ. ಆ ವಿಂಗಡಣೆ ಗಟ್ಟಿತನ ನೋಡಿ ಮಾಡಿದ್ದಲ್ಲ. ಅಗಲ ಎಲೆಯ ಮರಗಳೆಲ್ಲ ಹಾರ್ಡ್‌ವುಡ್, ಪೈನ್‌ನಂಥ ಸೂಜಿ ಎಲೆಯವು ಸಾಫ್ಟ್‌ವುಡ್. ಗಟ್ಟಿತನ ಅಳೆಯಲು ಬೇರೆ ಪರೀಕ್ಷೆಯಿದೆ. 11.28 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು ಮರದೊಳಗೆ ಅದರ ಅರ್ಧದಷ್ಟು ಇಳಿಯುವ ತನಕ ಒತ್ತಿ, ಎಷ್ಟು ಬಲ ಬೇಕಾಯಿತು ಎಂದು ನೋಡುತ್ತಾರೆ. ಇದು ಜಂಕಾ ಪರೀಕ್ಷೆ. ತೇಗಕ್ಕೆ ಸುಮಾರು 1,070 ಪೌಂಡ್ ಬಲ ಬೇಕಾದರೆ ಬ್ಯಾಸ್‌ವುಡ್‌ಗೆ 410 ಸಾಕು. ತೂಕದಲ್ಲೂ ಹಾಗೆಯೇ: ಒಣಗಿದ ತೇಗ ಘನ ಅಡಿಗೆ 18 ಕಿಲೋ ಆಸುಪಾಸು ತೂಗಿದರೆ ಇದು 12 ಕಿಲೋಗೂ ತುಸು ಕಡಿಮೆ.

ಆದರೆ ಮೆದು ಮರಗಳು ಬೇಕಾದಷ್ಟಿವೆ. ಬಾಲ್ಸಾ ಇದಕ್ಕಿಂತ ಎಷ್ಟೋ ಮೆದು, ಅದರಲ್ಲಿ ಮೂಗು ಕಣ್ಣು ಕೆತ್ತಲು ಹೋದರೆ ಕುಸಿದುಹೋಗುತ್ತದೆ. ಪೈನ್ ಕೂಡ ಮೆದು, ಆದರೂ ಕೆತ್ತುವವರು ಅದನ್ನು ಅಷ್ಟಾಗಿ ಇಷ್ಟಪಡುವುದಿಲ್ಲ. ಬ್ಯಾಸ್‌ವುಡ್‌ನ ಹಿರಿಮೆ ಅದರ ಮೆದುತನದಲ್ಲಿಲ್ಲ, ಸಮತೆಯಲ್ಲಿದೆ ಎಂಬುದೇ ಈ ಮರದ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿ.

ಮರ ಪ್ರತಿವರ್ಷ ಒಂದು ಉಂಗುರ ಬೆಳೆಯುತ್ತದೆ. ವಸಂತದಲ್ಲಿ ಬೇಗ ಬೆಳೆದ ಭಾಗ ಸಡಿಲ, ಬೇಸಿಗೆಯ ಕೊನೆಗೆ ನಿಧಾನವಾಗಿ ಬೆಳೆದ ಭಾಗ ಬಿಗಿ. ಪೈನ್‌ನಲ್ಲಿ ಈ ಎರಡರ ಅಂತರ ತುಂಬ ಹೆಚ್ಚು. ಚಾಕು ಮೆದು ಪಟ್ಟೆಯಲ್ಲಿ ಸಲೀಸಾಗಿ ಓಡಿ ಗಟ್ಟಿ ಪಟ್ಟೆಗೆ ಬಂದೊಡನೆ ತಡೆಯುತ್ತದೆ, ಕೈ ಬಲ ಹಾಕಿದರೆ ಅದನ್ನು ದಾಟಿ ಮುಂದಿನ ಮೆದು ಪಟ್ಟೆಯೊಳಗೆ ನುಗ್ಗಿಬಿಡುತ್ತದೆ. ತೇಗದಲ್ಲಿ ನೀರು ಸಾಗಿಸುವ ದೊಡ್ಡ ಕೊಳವೆಗಳೆಲ್ಲ ವರ್ಷದ ಆರಂಭದ ಪಟ್ಟೆಯಲ್ಲೇ ಸಾಲುಗಟ್ಟಿರುತ್ತವೆ. ಅದರಿಂದಲೇ ತೇಗದ ಹಲಗೆಗೆ ಆ ಚೆಲುವಾದ ಗೆರೆಗಳು. ಬ್ಯಾಸ್‌ವುಡ್‌ನಲ್ಲಿ ಕೊಳವೆಗಳು ಸಣ್ಣವು, ಉಂಗುರದ ತುಂಬ ಹೆಚ್ಚುಕಡಿಮೆ ಒಂದೇ ಸಮನೆ ಹರಡಿಕೊಂಡಿವೆ. ವಸಂತದ ಮರಕ್ಕೂ ಬೇಸಿಗೆಯ ಮರಕ್ಕೂ ಹೆಚ್ಚಿನ ಭೇದವಿಲ್ಲ. ಚೇಗಿಗೂ ಹೊರಗಿನ ಬಿಳಿ ಮರಕ್ಕೂ ಬಣ್ಣದಲ್ಲಿ ಕಣ್ಣಿಗೆ ಹೊಡೆಯುವ ಗೆರೆಯಿಲ್ಲ. ಹಾಗಾಗಿ ನೋಡಲು ಸಪ್ಪೆ. ಪೀಠೋಪಕರಣ ಮಾಡುವವನಿಗೆ ಅದು ಕೊರತೆ, ಮುಖ ಕೆತ್ತುವವನಿಗೆ ವರ. ಮುಖದ ಮೇಲೆ ಬೀಳುವ ನೆರಳು ಕೆತ್ತನೆಯದೇ ಆಗಿರುತ್ತದೆ, ಮರದ ಗೆರೆ ನಡುವೆ ಬಂದು ಕೆನ್ನೆಯನ್ನು ಕಲಕುವುದಿಲ್ಲ.

ಇದನ್ನು ಕೈಗೆತ್ತಿಕೊಂಡ ಹೊಸಬರಿಗೆ ಮೊದಲ ದಿನವೇ ಎದುರಾಗುವ ಒಗಟೊಂದಿದೆ. ನನಗೂ ಎದುರಾಗಿತ್ತು. ಮೆದು ಮರವಲ್ಲವೇ, ಅಡುಗೆಮನೆಯ ಚಾಕುವಾದರೂ ನಡೆದೀತು ಎಂದುಕೊಂಡು ಶುರುಮಾಡಿದರೆ ಕೆತ್ತಿದ ಜಾಗವೆಲ್ಲ ನಯವಾಗುವ ಬದಲು ಬಿಳಿಚಿಕೊಂಡು ನಾರುನಾರಾಗಿ ಎದ್ದಿತ್ತು. ಮರ ಕೆಟ್ಟದ್ದೆಂದು ಎರಡು ತುಂಡು ಬದಲಿಸಿದೆ. ಸರಿಯಾಗಿ ಮಸೆದ ಉಳಿಯೊಂದು ಕೈಗೆ ಬಂದಮೇಲೆ ಅದೇ ತುಂಡಿನಲ್ಲಿ ಮೇಣದಂತೆ ಹೊಳೆಯುವ ಮೈ ಎದ್ದುಬಂತು. ಮೆದು ಮರಕ್ಕೇ ಹೆಚ್ಚು ಹರಿತ ಬೇಕು. ಗಟ್ಟಿಮರದ ನಾರು ಅಲಗಿಗೆ ಎದುರಾಗಿ ನಿಲ್ಲುತ್ತದೆ, ನಿಂತದ್ದರಿಂದ ಕತ್ತರಿಸಿಕೊಳ್ಳುತ್ತದೆ. ಮೆದು ಮರದ ತೆಳುಗೋಡೆಯ ಕೋಶಗಳು ಮೊಂಡ ಅಲಗಿನೆದುರು ನಿಲ್ಲದೆ ಬಾಗುತ್ತವೆ, ಜಜ್ಜಿಹೋಗುತ್ತವೆ, ಕೊನೆಗೆ ಹರಿಯುತ್ತವೆ. ಹಣ್ಣಾದ ಟೊಮೆಟೊ ಮತ್ತು ಮೊಂಡ ಚಾಕುವಿನ ಕಥೆಯೇ ಇದು.

ಹರಿತ ಎಂದರೆ ಸಾಣೆಕಲ್ಲಿನಲ್ಲಿ ಮಸೆದು ಬಿಟ್ಟರೆ ಸಾಲದು. ಕಲ್ಲಿನ ನಂತರ ಅಲಗಿನ ತುದಿಯಲ್ಲಿ ಕಣ್ಣಿಗೆ ಕಾಣದ ಉಕ್ಕಿನ ಎಳೆಯೊಂದು ಮಡಚಿಕೊಂಡಿರುತ್ತದೆ. ಹಿಂದೆ ಕ್ಷೌರದವರು ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದದ್ದು ಅದನ್ನು ತೆಗೆಯಲು. ಬೆನ್ನು ಮುಂದಾಗಿ, ಅಲಗು ಹಿಂದಾಗಿ ಎಳೆಯಬೇಕು. ಹಳೆಯ ಬೆಲ್ಟೊಂದನ್ನು ಹಲಗೆಗೆ ಅಂಟಿಸಿ ಪಾಲಿಶಿಂಗ್ ಪೇಸ್ಟ್ ಸವರಿಕೊಂಡರೆ ಈ ಕೆಲಸಕ್ಕೆ ಸಾಕು. ಅರ್ಧ ಗಂಟೆ ಕೆತ್ತಿ ಹತ್ತು ಎಳೆತ, ಮತ್ತೆ ಅರ್ಧ ಗಂಟೆ. ಹರಿತವಾಯಿತೇ ಎಂದು ತಿಳಿಯಲು ಬ್ಯಾಸ್‌ವುಡ್ ತುಂಡನ್ನೇ ಎಳೆಗೆ ಅಡ್ಡವಾಗಿ ಸವರಿ ನೋಡಿ. ಕೊಯ್ದ ಜಾಗ ಹೊಳೆದರೆ ಸರಿ, ಬಿಳಿ ಗೀರು ಕಂಡರೆ ಅಲಗಿನಲ್ಲಿ ಅಲ್ಲೊಂದು ಮುಕ್ಕು ಉಳಿದಿದೆ.

ತುಂಡು ಆರಿಸುವಾಗ ಅಡ್ಡಕೊಯ್ದ ತುದಿಗಳನ್ನು ಮೊದಲು ನೋಡಬೇಕು. ಅಲ್ಲಿ ಉಂಗುರಗಳ ನಡುಬಿಂದು, ಅಂದರೆ ಮರದ ತಿರುಳು, ಕಂಡರೆ ಆ ತುಂಡು ಬೇಡ, ಎಂದಾದರೊಂದು ದಿನ ಸೀಳುತ್ತದೆ. ಕೂದಲೆಳೆಯಂಥ ಬಿರುಕೂ ಬೇಡ. ಉತ್ತರದ ಚಳಿನಾಡಿನಲ್ಲಿ ನಿಧಾನವಾಗಿ ಬೆಳೆದ ಮರವನ್ನು ಕೆತ್ತುವವರು ಹುಡುಕಿಕೊಂಡು ಹೋಗುತ್ತಾರೆ, ಅದು ಹೆಚ್ಚು ಬಿಳಿ, ಹೆಚ್ಚು ನಯ. ಇದೇ ಹೆಸರಿನಲ್ಲಿ ಏಷ್ಯಾದ ಟೀಲಿಯಾ ಜಾತಿಗಳ ಮರವೂ ಮಾರಾಟವಾಗುತ್ತದೆ. ಕಲಿಯುವವರಿಗೆ ಅದರಿಂದ ತೊಂದರೆಯೇನಿಲ್ಲ. ಗೊಂಬೆಯ ಎತ್ತರ ಮರದ ಎಳೆಯ ಉದ್ದಕ್ಕೇ ಬರುವಂತೆ ಗುರುತು ಹಾಕಿಕೊಳ್ಳಿ. ಅಡ್ಡ ಇಟ್ಟರೆ ಕತ್ತಿನಲ್ಲೋ ಕಣಕಾಲಿನಲ್ಲೋ ಟಕ್ಕನೆ ಮುರಿಯುತ್ತದೆ. ಚಾಕು ಯಾವಾಗಲೂ ಎತ್ತರದಿಂದ ತಗ್ಗಿಗೆ ಇಳಿಯಬೇಕು. ತಗ್ಗಿನಿಂದ ಏರಿಸಿದರೆ ಅಲಗು ಎಳೆಗಳ ಕೆಳಗೆ ಸೇರಿ ಮರವನ್ನು ಸೀಳುತ್ತ ಹೋಗುತ್ತದೆ. ಒಣಗಿ ಗಡುಸಾದ ತುಂಡಿಗೆ ನೀರು ಮತ್ತು ಸರ್ಜಿಕಲ್ ಸ್ಪಿರಿಟ್ ಅರ್ಧರ್ಧ ಬೆರೆಸಿ ಸಿಂಪಡಿಸಿಕೊಳ್ಳುವುದು ಕೆತ್ತುವವರ ನಡುವೆ ರೂಢಿಯಲ್ಲಿದೆ. ನೀರು ನಾರನ್ನು ಮೆತ್ತಗಾಗಿಸುತ್ತದೆ, ಸ್ಪಿರಿಟ್ ಬೇಗ ಒಳಗಿಳಿದು ಬೇಗ ಆರುತ್ತದೆ. ಹತ್ತಿರದಲ್ಲಿ ದೀಪ, ಒಲೆ ಇರಕೂಡದು. ತುಂಡನ್ನು ಹಿಡಿದ ಕೈಗೆ ಗವಸು ಕಡ್ಡಾಯ.

ಸಮ ಮರವೇನೋ ಹೌದು, ಆದರೆ ಒಣಗುವಾಗ ಇದು ಬಹಳ ಕುಗ್ಗುತ್ತದೆ. ಹಸಿ ಮರದ ಹೊರಭಾಗದಲ್ಲಿ ಮರದ ಒಣ ತೂಕಕ್ಕಿಂತ ನೀರಿನ ತೂಕವೇ ಹೆಚ್ಚು. ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಉಂಗುರದ ಗುಂಟ ಶೇ 9.3ರಷ್ಟು, ತಿರುಳಿನಿಂದ ತೊಗಟೆಯತ್ತ ಶೇ 6.6ರಷ್ಟು ಕುಗ್ಗುತ್ತದೆ. ತೇಗದಲ್ಲಿ ಈ ಲೆಕ್ಕ ಕ್ರಮವಾಗಿ 5.3 ಮತ್ತು 2.6. ಸುತ್ತಳತೆ ಹೆಚ್ಚು ಕುಗ್ಗಿ ಒಳಗಿನ ತಿರುಳು ಜಾಗ ಬಿಡದಿದ್ದಾಗ ದಿಮ್ಮಿ ಹೊರಗಿನಿಂದ ಒಳಕ್ಕೆ ಬಾಯಿಬಿಡುತ್ತದೆ. ಒಮ್ಮೆ ಸರಿಯಾಗಿ ಒಣಗಿದ ಮೇಲೆ ಮಾತ್ರ ಇದು ನಂಬಿಕೆಯ ಮರ, ಆಮೇಲೆ ಅಷ್ಟಾಗಿ ಸೊಟ್ಟಾಗುವುದಿಲ್ಲ.

ಹದಿನೈದು, ಹದಿನಾರನೆಯ ಶತಮಾನಗಳ ಜರ್ಮನ್ ಶಿಲ್ಪಿಗಳು ಈ ಕುಗ್ಗುವಿಕೆಯನ್ನು ಗೆದ್ದ ಬಗೆ ನನಗೆ ಮತ್ತೆಮತ್ತೆ ನೆನಪಾಗುತ್ತದೆ. ಅವರು ಆಳೆತ್ತರದ ಸಂತರ ಮೂರ್ತಿಗಳನ್ನು ಲಿಂಡೆನ್ ದಿಮ್ಮಿಯಲ್ಲಿ ಕೆತ್ತಿ, ಬೆನ್ನ ಕಡೆಯಿಂದ ಒಳಗನ್ನು ಟೊಳ್ಳು ಮಾಡಿಬಿಡುತ್ತಿದ್ದರು. ತಿರುಳೂ ಚೇಗೂ ಹೋದಮೇಲೆ ಉಳಿಯುವುದು ಕುದುರೆಲಾಳದಂತೆ ತೆರೆದ ಒಂದು ಚಿಪ್ಪು. ಕುಗ್ಗಿದರೆ ಲಾಳದ ಬಾಯಿ ತುಸು ಹೆಚ್ಚುಕಡಿಮೆಯಾದೀತು, ಮುಖ ಸೀಳುವುದಿಲ್ಲ. ಗೋಡೆಗೆ ಆನಿಸಿ ನಿಲ್ಲಿಸುವ ಮೂರ್ತಿಗೆ ಬೆನ್ನಿಲ್ಲದಿದ್ದರೆ ನಷ್ಟವಿಲ್ಲ. ಟಿಲ್ಮನ್ ರೀಮನ್‌ಶ್ನೈಡರ್ ರೋಥೆನ್‌ಬರ್ಗ್‌ನ ಸೇಂಟ್ ಜೇಕಬ್ ಚರ್ಚಿಗೆ 1501ರಿಂದ 1505ರ ನಡುವೆ ಮಾಡಿಕೊಟ್ಟ ಪವಿತ್ರ ರಕ್ತದ ಬಲಿಪೀಠದ ಮೂರ್ತಿಗಳು ಲಿಂಡೆನ್ ಮರದವು, ಅವುಗಳಿಗೆ ಬಣ್ಣ ಬಳಿದಿಲ್ಲ. ಬರೀ ಮರದ ಮೈಯಲ್ಲೇ ಬಟ್ಟೆಯ ನೆರಿಗೆ, ಕೈಯ ನರ, ಸೋತ ಕಣ್ಣು. ಗೆರೆಗಳು ಎದ್ದು ಕಾಣುವ ಮರದಲ್ಲಿ ಇಂಥ ಧೈರ್ಯ ಸಾಧ್ಯವಾಗುತ್ತಿರಲಿಲ್ಲ. ಫೈಟ್ ಸ್ಟೋಸ್ 1477ರಿಂದ 1489ರ ತನಕ ದುಡಿದು ಪೋಲೆಂಡಿನ ಕ್ರಾಕೋದಲ್ಲಿ ನಿಲ್ಲಿಸಿದ ಬೃಹತ್ ಬಲಿಪೀಠದಲ್ಲಿ ಚೌಕಟ್ಟು ಓಕ್ ಮರದ್ದು, ಹಿನ್ನೆಲೆಯ ಹಲಗೆ ಲಾರ್ಚ್, ಮೂರ್ತಿಗಳು ಮಾತ್ರ ಲಿಂಡೆನ್. ಭಾರ ಹೊರುವ ಕೆಲಸವನ್ನು ಈ ಮರಕ್ಕೆ ಒಪ್ಪಿಸಬಾರದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಮಗೂ ಅದೇ ಎಚ್ಚರ ಬೇಕು. ಕೊಳೆಯುವುದನ್ನು ತಡೆಯುವ ಶಕ್ತಿ ಬ್ಯಾಸ್‌ವುಡ್‌ಗೆ ಇಲ್ಲವೇ ಇಲ್ಲ. ಮಳೆಗೆ, ನೆಲದ ತೇವಕ್ಕೆ, ಗೆದ್ದಲಿಗೆ ಸಿಕ್ಕರೆ ಮುಗಿಯಿತು. ಮನೆಯ ಹೊರಗೆ ನೇತುಹಾಕುವ ನಾಮಫಲಕಕ್ಕೆ ಇದನ್ನು ಬಳಸಬೇಡಿ. ತಿರುಪು ಮೊಳೆಯನ್ನೂ ಬಿಗಿಯಾಗಿ ಹಿಡಿಯುವುದಿಲ್ಲ. ಬ್ಯಾಸ್‌ವುಡ್ ಗಿಟಾರಿನಲ್ಲಿ ಪಟ್ಟಿ ಸಿಕ್ಕಿಸುವ ಗುಂಡಿಯ ತಿರುಪು ಸಡಿಲವಾಗಿ ಕಿತ್ತುಬರುವುದಕ್ಕೆ ಇದೇ ಕಾರಣ. ತೂತಿಗೆ ಅಂಟು ಸವರಿದ ಬೆಂಕಿಕಡ್ಡಿ ತುರುಕಿ, ಒಣಗಿದ ಮೇಲೆ ತಿರುಪು ಹಾಕಿದರೆ ಮತ್ತೆ ಕೂರುತ್ತದೆ. ಮರದ ಬಣ್ಣ ಬದಲಿಸುವ ಸ್ಟೇನ್ ಹಚ್ಚಿದರೆ ಕಲೆಕಲೆಯಾಗುತ್ತದೆ, ಒಂದು ಕಡೆ ಹೆಚ್ಚು ಹೀರಿ ಇನ್ನೊಂದು ಕಡೆ ಕಡಿಮೆ ಹೀರುವುದರಿಂದ. ಮೊದಲು ತೆಳುವಾದ ಅರಗಿನ ಪಾಲಿಶ್ ಒಂದು ಕೈ ಕೊಟ್ಟು ಆಮೇಲೆ ಬಣ್ಣ ಹಚ್ಚಬೇಕು. ಪೋಸ್ಟರ್ ಬಣ್ಣ, ಅಕ್ರಿಲಿಕ್ ಎಲ್ಲವೂ ಇದರ ಮೇಲೆ ಚೆನ್ನಾಗಿ ಕೂರುತ್ತವೆ.

ಇಷ್ಟೆಲ್ಲ ಹೇಳಿದ ಮೇಲೆ, ಕರ್ನಾಟಕದಲ್ಲಿ ಕೆತ್ತನೆ ಕಲಿಯಲು ಅಮೆರಿಕದ ಮರವೇ ಬೇಕೆಂದೇನೂ ಇಲ್ಲ. ಚನ್ನಪಟ್ಟಣದ ಗೊಂಬೆಗಳ ಆಲೆ ಮರ ಕಣಗಿಲೆಯ ಕುಟುಂಬದ್ದು, ಕಡಿದರೆ ಹಾಲು ಸುರಿಸುವ ಜಾತಿ, ಟೀಲಿಯಾಕ್ಕೆ ಸಂಬಂಧವೇ ಇಲ್ಲ. ಆದರೂ ದಂತದಂತೆ ಬಿಳಿ, ನಯ, ಸಮ. ರಷ್ಯಾದವರು ಒಂದರೊಳಗೊಂದು ಅಡಗುವ ಮಾತ್ರ್ಯೋಶ್ಕಾ ಗೊಂಬೆಗಳನ್ನು ಕಡೆಯಲು ಲಿಂಡೆನ್ ಆರಿಸಿಕೊಂಡದ್ದಕ್ಕೂ ಚನ್ನಪಟ್ಟಣದವರು ಆಲೆ ಆರಿಸಿಕೊಂಡದ್ದಕ್ಕೂ ಕಾರಣ ಒಂದೇ. ಮಲೆನಾಡಿನ ಗುಡಿಗಾರರು ಶ್ರೀಗಂಧ ದುರ್ಲಭವಾದಾಗ ಹಿಡಿದ ಶಿವನೆ ಮರವೂ ಉಳಿಗೆ ಒಗ್ಗುವಂಥದ್ದೇ. ಹತ್ತಿರದ ಬಡಗಿಯ ಬಳಿ ಶಿವನೆಯ ಉಳಿಕೆ ತುಂಡು ಸಿಕ್ಕರೆ ಅದರಲ್ಲೇ ಶುರುಮಾಡಿ ಎನ್ನುವೆ.

ಹೂವಿನ ಮಾತು ಉಳಿಯಿತು. ಜೂನ್ ಕೊನೆ, ಜುಲೈ ಹೊತ್ತಿಗೆ ಬ್ಯಾಸ್‌ವುಡ್ ಹೂಬಿಡುತ್ತದೆ. ತಿಳಿ ಹಳದಿಯ ಸಣ್ಣ ಹೂಗಳು, ಪರಿಮಳ ಮಾತ್ರ ಬೀದಿಯ ತುಂಬ. ಪೋಲಿಷ್ ಭಾಷೆಯಲ್ಲಿ ಜುಲೈ ತಿಂಗಳಿಗೇ ‘ಲಿಪ್ಯೆತ್ಸ್’ ಎಂಬ ಹೆಸರು, ಲಿಂಡೆನ್ ಮರ ‘ಲೀಪಾ’ ಆದ್ದರಿಂದ. ಜೇನುಹುಳುಗಳು ಮುತ್ತುವ ಕಾರಣ ಅಮೆರಿಕದಲ್ಲಿ ಇದಕ್ಕೆ ಜೇನುಮರ ಎಂಬ ಅಡ್ಡಹೆಸರೂ ಇದೆ. ಮರಕ್ಕೆ ರುಚಿಯಾಗಲಿ ವಾಸನೆಯಾಗಲಿ ಇಲ್ಲದ್ದರಿಂದ ಆಹಾರ ತುಂಬುವ ಡಬ್ಬಿಗಳಿಗೆ ಇದನ್ನು ಬಳಸುತ್ತಿದ್ದರು. ಜೇನುಹಲ್ಲೆಯನ್ನು ಹಿಂಡದೆ ಹಾಗೇ ಮಾರಲು ಅಲ್ಲಿನ ಜೇನು ಕೃಷಿಕರು ನಾಲ್ಕೂಕಾಲು ಅಂಗುಲದ ಚೌಕ ಪೆಟ್ಟಿಗೆಗಳನ್ನು ಗೂಡಿನೊಳಗೇ ಇಡುತ್ತಿದ್ದರು. ಬ್ಯಾಸ್‌ವುಡ್‌ನ ಒಂದೇ ತೆಳು ಪಟ್ಟಿ. ಮೂರು ಕಡೆ ಇಂಗ್ಲಿಷ್ ‘ವಿ’ ಅಕ್ಷರದಂತೆ ಗೀರು. ಗೀರಿಗೆ ನೀರು ಮುಟ್ಟಿಸಿ ಬಾಗಿಸಿದರೆ ಮುರಿಯದೆ ಚೌಕವಾಗಿ ಮಡಚಿಕೊಳ್ಳುತ್ತದೆ. ಹೂವಿನ ಮಕರಂದವನ್ನು ಹುಳುಗಳು ಅದೇ ಜಾತಿಯ ಮರದ ಪೆಟ್ಟಿಗೆಗೆ ತಂದು ತುಂಬುತ್ತಿದ್ದವು.

ಟೊರಾಂಟೊ, ಮಿನಿಯಾಪೊಲಿಸ್, ಶಿಕಾಗೊ ಕಡೆ ಇರುವ ಕನ್ನಡಿಗರಿಗೆ ಈ ಮರ ಪಾರ್ಕಿನಲ್ಲೇ ಸಿಕ್ಕೀತು. ಕಾರು ನಿಲ್ಲಿಸಿದ ಜಾಗದಲ್ಲಿ ಗಾಜೆಲ್ಲ ಅಂಟಂಟಾದರೆ ಮೇಲೆ ನೋಡಿ. ಎಲೆಯ ರಸ ಹೀರುವ ಗಿಡಹೇನುಗಳು ಸುರಿಸಿದ ಸಿಹಿ ಹನಿ ಅದು. ಬೇಸಿಗೆ ಮುಗಿಯುತ್ತ ಬಂದಾಗ ಬಟಾಣಿ ಗಾತ್ರದ, ನವಿರು ರೋಮದ ಕಾಯಿಗಳು ಗೊಂಚಲಾಗಿ ಉದುರುತ್ತವೆ. ಪ್ರತಿ ಗೊಂಚಲ ತೊಟ್ಟೂ ನಾಲಗೆಯಂಥ ಉದ್ದನೆಯ ಎಲೆಯೊಂದರ ನಡುವಿನಿಂದ ಹೊರಟಿರುತ್ತದೆ. ಬೇರೆ ಯಾವ ಗುರುತೂ ಬೇಡ, ಇದೊಂದೇ ಸಾಕು. ಒಂದನ್ನು ಹೆಕ್ಕಿ ತಲೆಯ ಮೇಲಿಂದ ಬಿಟ್ಟರೆ ಆ ಎಲೆ ರೆಕ್ಕೆಯಂತೆ ಗಿರಗಿರನೆ ತಿರುಗುತ್ತ, ಕಾಯಿಗಳನ್ನು ತಾಯಿಮರದಿಂದ ತುಸು ದೂರಕ್ಕೆ ಕೊಂಡೊಯ್ದು ಇಳಿಸುತ್ತದೆ.